ಬೆಟ್ಟದ ಗಣಿಮಣ್ಣು ಅಳಿವೆಯ ತನಕ

ಜೂನ್‌ನಲ್ಲಿ ನಾಲ್ಕು ಮಳೆ ಜೋರಾಗಿ ಬಿದ್ದರೆ ಸಾಕು, ಉತ್ತರ ಕನ್ನಡದ ಹೊಳೆಗಳೆಲ್ಲ ಕೆಂಪಾಗುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ. ಹಾಗಾಗಿ ಗಣಿಯಿಂದಲೋ ಕ್ವಾರಿಯಿಂದಲೋ ಹೊಳೆ ಹಾಳಾಗುತ್ತಿದೆ ಎಂದು ಯಾರಾದರೂ ಬಾಯಿ ತೆರೆದರೆ ತಕ್ಷಣ ಬರುವ ಮಾತು ಒಂದೇ: "ಮಳೆಗಾಲದಲ್ಲಿ ಹೊಳೆ ಕೆಂಪಾಗದೆ ಇನ್ನೇನು ತಿಳಿಯಾಗಿರುತ್ತಾ?"

ಈ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇಷ್ಟು ಮಳೆಗೆ ಒಂದಿಷ್ಟು ಮಣ್ಣು ಕೊಚ್ಚಿಕೊಂಡು ಬರುವುದು ಸಹಜ. ಆದರೆ ದಟ್ಟ ಕಾಡಿನೊಳಗಿಂದ ಬರುವ ಹಳ್ಳವನ್ನು ನೋಡಿದವರಿಗೆ ಗೊತ್ತು, ಮಳೆ ಹೊಳವಾದ ಮೇಲೆ ಅದು ಬೇಗ ತಿಳಿಯಾಗುತ್ತದೆ. ಬೋಳು ಮಣ್ಣಿನ ರಾಶಿಯ ಕೆಳಗೆ ಹರಿಯುವ ಹಳ್ಳ ಹಾಗಲ್ಲ. ಮಳೆ ನಿಂತು ದಿನವಾದರೂ ರಾಡಿಯಾಗಿಯೇ ಇರುತ್ತದೆ. ಎರಡೂ ಕೆಂಪೇ. ವ್ಯತ್ಯಾಸ ಇರುವುದು ಮಣ್ಣಿನ ಕಣ ಎಷ್ಟು ಸಣ್ಣದು ಎಂಬುದರಲ್ಲಿ. ಗಣಿಯ ಕಸ ಹೊಳೆಗೆ, ಕಾಡಿಗೆ ಏನು ಮಾಡುತ್ತದೆ ಎಂಬುದರ ಅರ್ಧ ಕತೆ ಈ ಕಣದ ಗಾತ್ರದಲ್ಲೇ ಅಡಗಿದೆ.

ಮೊದಲು ಗಣಿಯ ಕಸ ಅಂದರೆ ಏನು ಎಂದು ನೋಡೋಣ. ಅದಿರು ಬೆಟ್ಟದ ಮೇಲೆ ಹಾಗೇ ತೆರೆದು ಬಿದ್ದಿರುವುದು ಅಪರೂಪ. ಅದರ ಮೇಲೆ ಮಣ್ಣು, ಜಂಬಿಟ್ಟಿಗೆ ಕಲ್ಲು, ಕೆಲಸಕ್ಕೆ ಬಾರದ ಬಂಡೆ ಇರುತ್ತದೆ. ಅದನ್ನೆಲ್ಲ ತೆಗೆದು ಪಕ್ಕದ ಇಳಿಜಾರಿಗೆ ಸುರಿಯುತ್ತಾರೆ. ಕಸದಲ್ಲಿ ದೊಡ್ಡ ಪಾಲು ಇದೇ. ನಮ್ಮ ಗಡಿಗೆ ಅಂಟಿಕೊಂಡ ಗೋವಾದ ಕಬ್ಬಿಣದ ಗಣಿಗಳಲ್ಲಿ ಒಂದು ಟನ್ ಅದಿರಿಗೆ ಎರಡೂವರೆಯಿಂದ ಮೂರು ಟನ್ ಇಂಥ ಮಣ್ಣು ಹೊರಬೀಳುತ್ತದೆ ಎಂಬುದು ಎಲ್ಲರೂ ಒಪ್ಪುವ ಲೆಕ್ಕ. ಅಂದರೆ ಗಣಿ ಎನ್ನುವುದು ಮುಖ್ಯವಾಗಿ ಮಣ್ಣನ್ನು ಅಲ್ಲಿಂದ ಇಲ್ಲಿಗೆ ಹಾಕುವ ಕೆಲಸ, ಅದಿರು ಅದರಲ್ಲಿ ಸಿಗುವ ಸಣ್ಣ ಪಾಲು. ಇದರ ಜೊತೆಗೆ ಕಡಿಮೆ ಗುಣಮಟ್ಟದ ಅದಿರಿನ ರಾಶಿ ಇರುತ್ತದೆ. ಅದಿರನ್ನು ಅರೆದು ತೊಳೆದಾಗ ಉಳಿಯುವ ನುಣ್ಣನೆಯ ಕೆಸರೂ ಇರುತ್ತದೆ. ಕುದುರೆಮುಖದಲ್ಲಿ ಲಕ್ಯಾ ಅಣೆಕಟ್ಟು ಕಟ್ಟಿದ್ದೇ ಈ ಕೆಸರನ್ನು ತಡೆದು ನಿಲ್ಲಿಸಲು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಕೆಸರು ಮಾತ್ರ ಇಂದಿಗೂ ಆ ಅಣೆಕಟ್ಟಿನ ಹಿಂದೆ ಕೂತಿದೆ.

ನಮ್ಮ ಜಿಲ್ಲೆಯಲ್ಲಿ ಜೋಯಿಡಾ ಕಾಡಿನಲ್ಲಿ, ಯಲ್ಲಾಪುರದ ಬಿಸಗೋಡಿನಲ್ಲಿ ಮ್ಯಾಂಗನೀಸ್ ತೆಗೆಯುತ್ತಿದ್ದರು. ಕಾಡಿನ ಕಾನೂನು ಬಿಗಿಯಾಗುತ್ತ ಹೋದ ಹಾಗೆ ಅವು ಮುಚ್ಚಿದವು. ಜೋಯಿಡಾ ಕಾಡಿನ ದೊಡ್ಡ ಭಾಗ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಅಣಶಿ-ದಾಂಡೇಲಿ ಎಂಬ ಹೆಸರಿನಲ್ಲಿ ಶುರುವಾಗಿ 2015ರಲ್ಲಿ ಈ ಹೆಸರು ಪಡೆಯಿತು. ಕರಾವಳಿಗೆ ಬಂದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲಿನ ಕ್ವಾರಿಗಳು, ಜಲ್ಲಿ ಕ್ರಷರ್‌ಗಳು, ಮರಳು ತೆಗೆಯುವ ಜಾಗಗಳು. ಇವು ಬಳ್ಳಾರಿಯ ಗಣಿಗಳ ಮುಂದೆ ಚಿಕ್ಕವು, ನಿಜ. ಆದರೆ ಬಳ್ಳಾರಿಯ ಮಳೆ ಎಷ್ಟು, ನಮ್ಮ ಮಳೆ ಎಷ್ಟು? ಅಲ್ಲಿ ಒಂದು ಮಣ್ಣಿನ ದಿಬ್ಬ ಎಷ್ಟೋ ವರ್ಷಕ್ಕೆ ಕಾಣುವ ಮಳೆ ಇಲ್ಲಿ ಒಂದೇ ಮಳೆಗಾಲದಲ್ಲಿ ಅದರ ತಲೆ ಮೇಲೆ ಬೀಳುತ್ತದೆ.

ವಿಷಕ್ಕಿಂತ ಮಣ್ಣೇ ಕಾಟ

ಗಣಿ ಮಾಲಿನ್ಯ ಅಂದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ಆಮ್ಲದ ನೀರು, ಸತ್ತು ತೇಲುವ ಮೀನು. ಜಗತ್ತಿನ ಎಷ್ಟೋ ಕಡೆ ಹಾಗೇ ಆಗಿದೆ. ಅಲ್ಲಿನ ಬಂಡೆಯಲ್ಲಿ ಗಂಧಕ ಸೇರಿದ ಪೈರೈಟ್ ಇರುತ್ತದೆ. ಅದು ಗಾಳಿ, ನೀರು ತಾಗಿದಾಗ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಆ ಆಮ್ಲ ಬಂಡೆಯೊಳಗಿನ ಬೇರೆ ಲೋಹಗಳನ್ನೂ ಕರಗಿಸಿ ಹೊಳೆಗೆ ತರುತ್ತದೆ. ಕಲ್ಲಿದ್ದಲು, ತಾಮ್ರ, ಸತುವಿನ ಗಣಿಗಳಲ್ಲಿ ಇದು ದೊಡ್ಡ ತಲೆನೋವು.

ನಮ್ಮ ಕಡೆಯ ಕಬ್ಬಿಣ, ಮ್ಯಾಂಗನೀಸ್ ಅದಿರುಗಳು ಬಹುತೇಕ ಆಕ್ಸೈಡ್‌ಗಳು. ಲಕ್ಷಾಂತರ ವರ್ಷ ಮಳೆಗೆ ತೊಳೆದು, ಗಾಳಿಗೆ ತುಕ್ಕು ಹಿಡಿದು ಉಳಿದ ವಸ್ತು ಅದು. ಅದರಲ್ಲಿ ಗಂಧಕ ಬಹಳ ಕಡಿಮೆ. ಹಾಗಾಗಿ ಆಮ್ಲದ ನೀರಿನ ಭಯ ಇಲ್ಲಿ ಅಷ್ಟಾಗಿ ಇಲ್ಲ. ಈ ಸಂಗತಿಯನ್ನೇ ಹಿಡಿದುಕೊಂಡು "ನಮ್ಮದು ಬರೀ ಮಣ್ಣು, ಅದರಿಂದ ಯಾರಿಗೇನು ತೊಂದರೆ" ಎಂದು ವಾದಿಸುವವರೂ ಇದ್ದಾರೆ. ನನ್ನ ಪ್ರಕಾರ ಮೋಸ ಇರುವುದು ಈ 'ಬರೀ ಮಣ್ಣು' ಎಂಬ ಮಾತಿನಲ್ಲೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಉದ್ದನೆಯ ಬಾಟಲಿಗೆ ಒಂದು ಮುಷ್ಟಿ ಕೆಂಪು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಕಣ್ಣೆದುರೇ ತಳ ಸೇರುತ್ತದೆ. ಅದರ ಮೇಲೆ ನಿಧಾನಕ್ಕೆ ಇನ್ನೊಂದು ಪದರ ಕೂರುತ್ತದೆ. ಮೇಲಿನ ನೀರು ಮಾತ್ರ ಕೆಂಪಾಗಿಯೇ ಇರುತ್ತದೆ. ಮಾರನೇ ದಿನ ಬೆಳಿಗ್ಗೆ ನೋಡಿದರೂ ಕೆಂಪೇ.

ಇದರ ಹಿಂದಿನ ನಿಯಮ ಸರಳ. ನುಣ್ಣನೆಯ ಕಣಗಳಲ್ಲಿ ಅಗಲ ಹತ್ತನೇ ಒಂದು ಭಾಗಕ್ಕೆ ಇಳಿದರೆ ಅದು ನೀರಿನಲ್ಲಿ ಮುಳುಗುವ ವೇಗ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 0.2 ಮಿ.ಮೀ. ಅಗಲದ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಸುಮಾರು 40 ಸೆಕೆಂಡ್ ಬೇಕು. 0.02 ಮಿ.ಮೀ. ಕಣಕ್ಕೆ ಸುಮಾರು 40 ನಿಮಿಷ. 0.002 ಮಿ.ಮೀ. ಜೇಡಿ ಕಣಕ್ಕೆ ಹತ್ತಿರ ಹತ್ತಿರ ಮೂರು ದಿನ. ಅದೂ ನೀರು ಒಂಚೂರೂ ಅಲುಗಾಡದೆ ನಿಂತಿದ್ದರೆ. ಹರಿಯುವ ಹೊಳೆಯಲ್ಲಿ ಈ ಜೇಡಿ ಕಣ ತಳ ಮುಟ್ಟುವುದೇ ಇಲ್ಲ ಎನ್ನಬಹುದು. ಬೆಟ್ಟದ ಬುಡದಲ್ಲಿ ಸೇರಿದ್ದು ಸೀದಾ ಸಮುದ್ರದ ಬಾಯಿಯ ತನಕ ಪಯಣ ಮಾಡುತ್ತದೆ.

ಕಾಡಿನ ನೆಲದಲ್ಲೂ ಜೇಡಿ ಇದೆ. ಆದರೆ ಅಲ್ಲಿ ಅದು ಬಿಡಿ ಕಣವಾಗಿ ಇರುವುದಿಲ್ಲ. ತರಗೆಲೆ ಕೊಳೆತ ಗೊಬ್ಬರ, ಬೇರು, ಶಿಲೀಂಧ್ರದ ಎಳೆ, ಎರೆಹುಳದ ಹಿಕ್ಕೆ ಎಲ್ಲ ಸೇರಿ ಅದನ್ನು ಹೆಂಟೆಯಾಗಿ ಕಟ್ಟಿರುತ್ತವೆ. ಮೇಲಿಂದ ಬೀಳುವ ಹನಿಯ ಪೆಟ್ಟನ್ನು ಎಲೆಯ ಹಾಸು ತಡೆಯುತ್ತದೆ. ಗಣಿಯ ದಿಬ್ಬದಲ್ಲಿ ಈ ಕಟ್ಟು ಒಂದೂ ಇಲ್ಲ. ಡೈನಮೈಟ್ ಸಿಡಿಸಿ, ಜೆಸಿಬಿ ಕೆದಕಿ, ಟಿಪ್ಪರ್ ಅರೆದು ಮಣ್ಣನ್ನು ಪುಡಿ ಮಾಡಿಟ್ಟಿರುತ್ತಾರೆ. ಟಿಪ್ಪರಿನಿಂದ ಸುರಿದ ಮಣ್ಣು ಎಷ್ಟು ಕಡಿದಾಗಿ ನಿಲ್ಲಬಲ್ಲದೋ ಅಷ್ಟೇ ಕಡಿದಾಗಿ ನಿಂತಿರುತ್ತದೆ. ಮೊದಲ ಮಳೆಗೆ ಸಣ್ಣ ಗೀರುಗಳು ಬೀಳುತ್ತವೆ. ಆಷಾಢದ ಹೊತ್ತಿಗೆ ಅವು ಆಳು ಇಳಿಯುವಷ್ಟು ದೊಡ್ಡ ಕೊರಕಲಾಗುತ್ತವೆ.

ಸಡಿಲಾದ ಇಳಿಜಾರಿಗೆ ನಮ್ಮ ಮಳೆ ಏನು ಮಾಡಬಲ್ಲದು ಎಂಬುದನ್ನು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇಡೀ ನಾಡು ನೋಡಿತು. ಅದು ಗಣಿಯಲ್ಲ, ಹೆದ್ದಾರಿಗಾಗಿ ಕಡಿದ ಗುಡ್ಡ. ಅದು ಕುಸಿದು ಗಂಗಾವಳಿಯೊಳಗೆ ಮಣ್ಣಿನ ದಿಬ್ಬವೇ ಎದ್ದಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಅಷ್ಟೊಂದು ಮಣ್ಣು ಒಮ್ಮೆಲೇ ಬಿದ್ದರೆ ಸುದ್ದಿಯಾಗುತ್ತದೆ. ಅಷ್ಟೇ ಮಣ್ಣು ಹತ್ತು ಮಳೆಗಾಲ ಕೊಚ್ಚಿ ಬಂದರೆ ಆಗುವುದಿಲ್ಲ.

ಹೊಳೆಯೊಳಗೆ

ಹಳ್ಳದ ತಳದಲ್ಲಿ ಉರುಟು ಕಲ್ಲು, ಜಲ್ಲಿ, ಮರಳು ಇರುತ್ತದೆ. ನೋಡಲು ಖಾಲಿ ಅನ್ನಿಸಿದರೂ ಹೊಳೆಯ ಜೀವ ಇರುವುದೇ ಆ ಕಲ್ಲುಗಳ ಸಂದಿಯಲ್ಲಿ. ಒಂದು ಕಲ್ಲು ಎತ್ತಿ ಮಗುಚಿದರೆ ಅಡಿಯಲ್ಲಿ ಚಪ್ಪಟೆ ಹುಳುಗಳು, ಸಣ್ಣ ಸಿಗಡಿ, ಏಡಿಮರಿ ಓಡಾಡುತ್ತವೆ. ದಾಂಡೇಲಿ ಕಡೆ ಕಾಳಿಯಲ್ಲಿರುವ ಮಹಶೀರ್‌ನಂಥ ಮೀನುಗಳು ಮೊಟ್ಟೆ ಇಡುವುದು ಇಂಥ ಜಲ್ಲಿ ಹಾಸಿನಲ್ಲೇ. ಸಂದಿಯಲ್ಲಿ ಹರಿಯುವ ತಣ್ಣನೆಯ ನೀರು ಮೊಟ್ಟೆಗೆ ಆಮ್ಲಜನಕ ಒಯ್ಯುತ್ತದೆ. ನುಣ್ಣನೆಯ ಹೂಳು ಬಂದು ಆ ಸಂದಿ ತುಂಬಿದರೆ ಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ. ಮೇಲಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಸತ್ತ ಮೀನು ತೇಲುವುದಿಲ್ಲ. ಹುಟ್ಟಬೇಕಿದ್ದ ಮೀನು ಹುಟ್ಟಿರುವುದಿಲ್ಲ ಅಷ್ಟೇ.

ರಾಡಿ ನೀರಿನಲ್ಲಿ ಬೆಳಕು ತಳ ಮುಟ್ಟುವುದಿಲ್ಲ. ಕಲ್ಲಿನ ಮೇಲಿನ ಪಾಚಿ ಬೆಳೆಯುವುದಿಲ್ಲ, ಅದನ್ನು ತಿನ್ನುವ ಹುಳು ಇರುವುದಿಲ್ಲ, ಹುಳು ತಿನ್ನುವ ಮೀನು ಬರುವುದಿಲ್ಲ. ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನುಗಳಿಗೆ ಇನ್ನೊಂದು ಕಷ್ಟ. ಕಿವಿರುಗಳಿಗೂ ಮಣ್ಣು ಮೆತ್ತಿಕೊಳ್ಳುತ್ತದೆ.

ಕುಡಿಯುವ ನೀರಿನ ಲೆಕ್ಕವೂ ಇದೆ. ನೀರಿನ ಮಬ್ಬನ್ನು ಎನ್‌ಟಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು 1ಕ್ಕಿಂತ ಜಾಸ್ತಿ ಇರಬಾರದು, ಬೇರೆ ನೀರೇ ಇಲ್ಲದಿದ್ದರೆ 5ರ ತನಕ ಸಹಿಸಬಹುದು. ಮಬ್ಬು ಜಾಸ್ತಿ ಇದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರೋಗಾಣುಗಳು ಮಣ್ಣಿನ ಕಣದ ಮರೆಯಲ್ಲಿ ಬಚಾವಾಗುತ್ತವೆ. ಹೊಳೆ ಬದಿಯ ಊರಿನ ನಳದಲ್ಲಿ ಕೆಂಪು ನೀರು ಬಂದಾಗ "ಕಾಯಿಸಿ ಕುಡಿಯಿರಿ" ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಮ್ಯಾಂಗನೀಸ್ ಕತೆ. ಇದು ಸ್ವಲ್ಪ ಸೂಕ್ಷ್ಮ. ಅದಿರಿನಲ್ಲಿರುವ ಕಪ್ಪು ಮ್ಯಾಂಗನೀಸ್ ಆಕ್ಸೈಡ್ ಸಾಮಾನ್ಯವಾಗಿ ನೀರಿನಲ್ಲಿ ಕರಗುವುದಿಲ್ಲ. ಅದು ಹರಿಯುವ, ಗಾಳಿ ಬೆರೆತ ನೀರಿನಲ್ಲಿರುವ ತನಕ ದೊಡ್ಡ ಚಿಂತೆ ಇಲ್ಲ. ಆದರೆ ಅದೇ ಹೂಳು ಆಳದ ಜಲಾಶಯದ ತಳದಲ್ಲಿ ಕೂತರೆ ಆಟ ಬದಲಾಗುತ್ತದೆ. ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ನಿಂತು ಎರಡೂ ಬೆರೆಯುವುದು ಕಡಿಮೆಯಾಗುತ್ತದೆ. ತಳದಲ್ಲಿ ಎಲೆ, ಕಟ್ಟಿಗೆ ಕೊಳೆಯುತ್ತ ಇದ್ದ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಮ್ಯಾಂಗನೀಸ್ ಆಕ್ಸೈಡನ್ನೇ ಬಳಸಿಕೊಳ್ಳುತ್ತವೆ. ಇದರಿಂದ ಮ್ಯಾಂಗನೀಸ್ ಕರಗುವ ರೂಪಕ್ಕೆ ಬಂದು ನೀರಿಗೆ ಸೇರುತ್ತದೆ. ಆ ನೀರು ಹೊರಗೆ ಬಂದು ಗಾಳಿ ತಾಗಿದ ಮೇಲೆ ಮತ್ತೆ ಕಪ್ಪಾಗಿ ಕಲ್ಲಿಗೆ, ಪೈಪಿಗೆ, ಕೊಡಪಾನಕ್ಕೆ ಅಂಟಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿ.ಗ್ರಾಂ. ಮ್ಯಾಂಗನೀಸ್ ಸರಿ, ಬೇರೆ ದಾರಿ ಇಲ್ಲದಿದ್ದರೆ 0.3ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ಇದು ನಮ್ಮ ದೇಹಕ್ಕೆ ಚೂರು ಬೇಕಾದ ಲೋಹವೇ. ಆದರೆ ಇದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಗಣಿ ಕೆಲಸಗಾರರಿಗೆ ಕೈಕಾಲು ನಡುಕ, ನಡಿಗೆ ತಪ್ಪುವುದು, ಪಾರ್ಕಿನ್ಸನ್ ಕಾಯಿಲೆಯಂಥ ಲಕ್ಷಣ ಬರುವುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತು.

ಕಾಳಿಯ ಮೇಲೆ ಒಂದಲ್ಲ, ಹಲವು ಅಣೆಕಟ್ಟುಗಳಿವೆ. ಜೋಯಿಡಾದ ದಿಗ್ಗಿ ಹತ್ತಿರ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಹೊಳೆ ಇದು. ದಾರಿಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಸಿಗುತ್ತವೆ. ಮರಳು, ದಪ್ಪ ಹೂಳು ಈ ಜಲಾಶಯಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನುಣ್ಣನೆಯದರಲ್ಲಿ ಒಂದು ಪಾಲು ಗೇಟು, ಟರ್ಬೈನು ದಾಟಿ ಮುಂದೆ ಹೋಗುತ್ತದೆ. ಇದರ ಫಲ ವಿಚಿತ್ರ. ಹೊಳೆ ಸಮುದ್ರ ಸೇರುವ ಅಳಿವೆಗೆ ಬೇಕಾದ ಮರಳು ಮೇಲೆಯೇ ಉಳಿಯುತ್ತದೆ, ಬೇಡವಾದ ಜೇಡಿ ಕೆಳಗೆ ಬರುತ್ತದೆ. ಬಂದ ಚೂರುಪಾರು ಮರಳನ್ನೂ ದೋಣಿ ತುಂಬಿಸಿ ಒಯ್ಯುವವರು ಬೇರೆ ಇದ್ದಾರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಶಿರಸಿಯ ಶಂಕರಹೊಂಡದಿಂದ ಹೊರಟ ನೀರು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕುಮಟಾದ ಅಳಿವೆಯ ತನಕ ತಡೆಯಿಲ್ಲದೆ ಬರುತ್ತದೆ. ಆ ಹೊಳೆಯ ಚೆಲುವು ಅದು. ಆದರೆ ಅದರ ಇಳಿಜಾರಿನಲ್ಲಿ ಎಲ್ಲೇ ಮಣ್ಣು ಸಡಿಲ ಮಾಡಿದರೂ ನಡುವೆ ತಡೆಯುವವರು ಯಾರೂ ಇಲ್ಲ.

ಉಪ್ಪುನೀರು ತಾಗಿದಾಗ

ಹೊಳೆಯಲ್ಲಿ ಎಲ್ಲೂ ಕೂರದ ಜೇಡಿ ಕಣ ಅಳಿವೆಗೆ ಬಂದ ಕೂಡಲೇ ಕೂರುತ್ತದೆ. ಇದು ಹೇಗೆ? ಜೇಡಿ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲ ಕಣಕ್ಕೂ ಒಂದೇ ಬಗೆಯ ವಿದ್ಯುದಂಶವಾದ್ದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಹಾಗಾಗಿ ಸಿಹಿನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅದರಲ್ಲಿ ಸ್ವಲ್ಪ ಬೆರೆತರೂ ಸಾಕು, ಉಪ್ಪಿನ ಧನ ಅಯಾನುಗಳು ಈ ತಳ್ಳಾಟವನ್ನು ತಗ್ಗಿಸುತ್ತವೆ. ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಗಂಟಾಗುತ್ತವೆ, ಗಂಟು ಕೆಳಗೆ ಬೀಳುತ್ತದೆ. ಅಂದರೆ ಬೆಟ್ಟದಲ್ಲಿ ಯಾರೋ ಕೆದಕಿದ ಮಣ್ಣು ನಡುವಿನ ಊರನ್ನೆಲ್ಲ ದಾಟಿ ಬಂದು ಕೂರುವುದು ಸರಿಯಾಗಿ ಮೀನುಗಾರರ, ಬಳಚು ಎಂಬ ಚಿಪ್ಪುಜೀವಿ ಆರಿಸುವವರ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ರೈತರ ಜಾಗದಲ್ಲಿ.

ಬಳಚು, ಚಿಪ್ಪಿಕಲ್ಲು ಓಡಿಹೋಗುವ ಪ್ರಾಣಿಗಳಲ್ಲ. ನೀರನ್ನು ಒಳಗೆ ಎಳೆದುಕೊಂಡು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ನೀರನ್ನು ಹೊರಗೆ ಬಿಡುವುದೇ ಅವುಗಳ ಬದುಕು. ನೀರಿನಲ್ಲಿ ಮಣ್ಣು ಜಾಸ್ತಿಯಾದರೆ ಆಹಾರದ ಜೊತೆ ಮಣ್ಣನ್ನೂ ಸೋಸಿ ಹೊರಹಾಕಬೇಕು. ಅದಕ್ಕೇ ಶಕ್ತಿಯೆಲ್ಲ ಹೋಗುತ್ತದೆ. ತೀರಾ ಜಾಸ್ತಿಯಾದರೆ ಚಿಪ್ಪು ಮುಚ್ಚಿಕೊಂಡು ಹಸಿದು ಕೂರುತ್ತವೆ. ಮರಿಗಳು ಅಂಟಿಕೊಳ್ಳುವ ಗಟ್ಟಿ ಜಾಗವೂ ಕೆಸರಿನಡಿ ಮುಚ್ಚಿಹೋಗುತ್ತದೆ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರು ತಮ್ಮ ಕಾಲಿನಿಂದಲೇ ತಳ ಹೇಗಿದೆ ಎಂದು ಹೇಳಬಲ್ಲರು. ಮರಳಿದ್ದರೆ ಬಳಚು, ಕಾಲು ಹೂತರೆ ಬರೀ ಕೆಸರು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಹೂಳು ಅಂದರೆ ಎಲ್ಲವೂ ಕೆಟ್ಟದ್ದಲ್ಲ. ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಗೊಬ್ಬರವಿಲ್ಲದೆ ಬೆಳೆಯುವುದು ಹೊಳೆ ತಂದ ಮಣ್ಣಿನ ಪುಣ್ಯದಿಂದಲೇ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿಗೂ ಅದು ಬೇಕು. ಆದರೆ ಆ ಮಣ್ಣು ಕಾಡಿನ ಮೇಲ್ಪದರದ್ದು, ಎಲೆಗೊಬ್ಬರ ಬೆರೆತದ್ದು. ಗಣಿಯಿಂದ ಬರುವುದು ಹತ್ತಾರು ಅಡಿ ಆಳದ ಮಣ್ಣು. ಅದರಲ್ಲಿ ಸಾರವೂ ಇಲ್ಲ, ಜೀವವೂ ಇಲ್ಲ. ಬಣ್ಣ ನೋಡಿ ಎರಡನ್ನೂ ಒಂದೇ ಎಂದರೆ ಹೇಗೆ?

ಗಣಿಯೇ ಇಲ್ಲದ ಕಡೆಯೂ ಗಣಿಯ ಮಣ್ಣು ಬಂದ ಕತೆ ಅಂಕೋಲಾದ ಬೇಲೇಕೇರಿ ಬಂದರಿನದ್ದು. ಬಳ್ಳಾರಿಯ ಅದಿರು ಲಾರಿಗಳಲ್ಲಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬಂದರಿಗೆ ಬರುತ್ತಿತ್ತು. ಒಂದು ಕಾಲದಲ್ಲಿ ಗಣಿಯವರು ಕಸ ಎಂದು ಬದಿಗೆ ಸುರಿಯುತ್ತಿದ್ದ ಪುಡಿ ಅದಿರಿಗೂ ಚೀನಾದಲ್ಲಿ ಬೆಲೆ ಬಂದ ಕಾಲ ಅದು. ಹೆದ್ದಾರಿ ಬದಿಯ ಮರಗಳು ಹಸಿರೋ ಕೆಂಪೋ ಗೊತ್ತಾಗದಂತೆ ಇದ್ದವು. 2010ರ ಮಾರ್ಚ್‌ನಲ್ಲಿ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಜಪ್ತಿ ಮಾಡಿದರು. ಆಮೇಲೆ ಜಪ್ತಿಯಾದ ಅದಿರೇ ಕಾಣೆಯಾದದ್ದು, 2011ರ ಲೋಕಾಯುಕ್ತ ವರದಿ, ಕೋರ್ಟು ಕಚೇರಿ ಎಲ್ಲ ನಿಮಗೆ ಗೊತ್ತೇ ಇದೆ. ಆ ಚರ್ಚೆಯೆಲ್ಲ ದುಡ್ಡಿನದ್ದು, ರಾಜಕೀಯದ್ದು. ತೆರೆದ ರಾಶಿಗಳ ಮೇಲೆ ಕರಾವಳಿಯ ಮಳೆ ಬಿದ್ದಾಗ ತೊಳೆದು ಹೋದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ.

ಕಾಡಿನ ಪಾಲಿಗೆ

ಗಣಿಗಾಗಿ ಕಡಿದ ಕಾಡು ಎಷ್ಟು ಎಂಬ ಲೆಕ್ಕ ಕಾಗದದಲ್ಲಿ ಇರುತ್ತದೆ. ಕಡಿಯದೇ ಹಾಳಾದ ಕಾಡಿನ ಲೆಕ್ಕ ಇರುವುದಿಲ್ಲ.

ದಿಬ್ಬದಿಂದ ಜಾರಿದ ಮಣ್ಣು ಕೆಳಗಿನ ಮರಗಳ ಬುಡದಲ್ಲಿ ಕೂರುತ್ತದೆ. ಮರಕ್ಕೆ ಮಣ್ಣು ಬೇಕು, ಆದರೆ ಬೇರಿಗೆ ಗಾಳಿಯೂ ಬೇಕು. ಒಂದೆರಡು ಅಡಿ ನುಣ್ಣನೆಯ ಮಣ್ಣು ಬುಡ ಮುಚ್ಚಿದರೆ ಗಾಳಿ ಇಳಿಯುವುದಿಲ್ಲ. ಮರ ಕೂಡಲೇ ಸಾಯುವುದಿಲ್ಲ, ನಿಧಾನಕ್ಕೆ ತುದಿಯಿಂದ ಒಣಗುತ್ತ ಬರುತ್ತದೆ. ಇದರಿಂದ ಎಲ್ಲಕ್ಕಿಂತ ಬೇಗ ಹೊಡೆತ ತಿನ್ನುವುದು ರಾಮಪತ್ರೆ ಜಡ್ಡಿಗಳು. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇಂಥ ಜಡ್ಡಿ ಇದೆ. ವರ್ಷವಿಡೀ ಒಸರುವ ನೀರಿನಲ್ಲಿ ನಿಂತ ಕಾಡು ಅದು. ಅಲ್ಲಿನ ಮರಗಳ ಬೇರು ಉಸಿರಾಡಲು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಎದ್ದು ಮತ್ತೆ ಒಳಗೆ ಹೋಗುತ್ತದೆ. ಗೇಣುದ್ದದ ಈ ಬೇರುಗಳೇ ಮರದ ಮೂಗು. ಅಲ್ಲಿ ಗಣಿ ಇಲ್ಲ, ಇರಲೂಬಾರದು. ಆದರೆ ಗಣಿಯೇ ಆಗಲಿ, ಮೇಲಿನ ರಸ್ತೆ ಅಗಲ ಮಾಡಿದ ಮಣ್ಣೇ ಆಗಲಿ, ಗೇಣೆತ್ತರ ಹೂಳು ಬಂದರೆ ಇಂಥ ಕಾಡಿನ ಕತೆ ಮುಗಿಯಿತು.

ಧೂಳು ಇನ್ನೊಂದು. ಎಲೆಯ ಮೇಲೆ ಧೂಳು ಕೂತರೆ ಬೆಳಕು ಸಿಗುವುದಿಲ್ಲ, ಗಾಳಿಯಾಡುವ ರಂಧ್ರ ಮುಚ್ಚುತ್ತದೆ. ನಮ್ಮಲ್ಲಿ ಮಳೆ ಬಂದು ತೊಳೆಯುತ್ತದೆ ನಿಜ. ಆದರೆ ಹೆಚ್ಚಿನ ಮರಗಳು ಹೂ ಬಿಡುವುದು, ಮಾವು ಗೇರು ಕಾಯಿ ಕಟ್ಟುವುದು ಮಳೆಯಿಲ್ಲದ ತಿಂಗಳುಗಳಲ್ಲೇ ಅಲ್ವಾ? ಲಾರಿ ಓಡಾಟ ಜೋರಾಗಿರುವುದೂ ಆಗಲೇ.

ಇನ್ನು ನೀರು. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ಒಳಗೆ ಒರತೆ ಬರುತ್ತದೆ. ಕೆಲಸ ನಡೆಯಬೇಕಾದರೆ ಪಂಪ್ ಇಟ್ಟು ನೀರು ಎತ್ತಿ ಹೊರಗೆ ಬಿಡಬೇಕು. ಹಾಗೆ ಎತ್ತಿದ್ದು ಸುತ್ತಲಿನ ಬೆಟ್ಟದ ನೀರೇ. ಕೆಳಗಿನ ಅಬ್ಬಿ ಫೆಬ್ರುವರಿಯಲ್ಲೇ ಬತ್ತುತ್ತದೆ. ಚಿರೆಕಲ್ಲಿನ ಗುಡ್ಡಗಳದ್ದೂ ಹತ್ತಿರ ಹತ್ತಿರ ಇದೇ ಕತೆ. ತೂತುತೂತಾದ ಆ ಕಲ್ಲಿನ ಪದರ ಮಳೆನೀರು ಕುಡಿದು ಇಟ್ಟುಕೊಂಡು, ನಿಧಾನಕ್ಕೆ ಗುಡ್ಡದ ಬುಡದ ಬಾವಿಗೆ ಬಿಡುತ್ತದೆ. ಕರಾವಳಿಯ ಎಷ್ಟೋ ಬಾವಿಗಳಿಗೆ ಅದೇ ಟ್ಯಾಂಕು. ಹುಲ್ಲು ಬೆಳೆಯುವ ಬೇಣದ ಮೇಲಿಂದ ಕಲ್ಲು ಕೊಯ್ದು ಒಯ್ದರೆ ಟ್ಯಾಂಕಿನ ಗೋಡೆಯನ್ನೇ ಕೊಯ್ದು ಮಾರಿದಂತೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ ಕೊಟ್ಟ ವ್ಯವಸ್ಥೆ ಇದೆ. ಬೆಟ್ಟದಿಂದ ಸೊಪ್ಪು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತೋಟಕ್ಕೆ ನೀರು ಬರುವುದೂ ಆ ಬೆಟ್ಟದಿಂದಲೇ ಎಂಬುದು ಬೆಟ್ಟಕ್ಕೆ ಜೆಸಿಬಿ ಹತ್ತಿದ ಮೇಲೆ ನೆನಪಾಗುತ್ತದೆ.

ತಡೆಯಲು ಆಗುತ್ತದಾ?

ಗಣಿ ಯೋಜನೆಯ ಕಾಗದಗಳಲ್ಲಿ 'ಹೂಳು ತಡೆಯುವ ಕೊಳ' ಎಂಬುದು ಇದ್ದೇ ಇರುತ್ತದೆ. ದಿಬ್ಬದ ಸುತ್ತ ಚರಂಡಿ, ಚರಂಡಿಯ ಕೊನೆಗೆ ಕೊಳ. ನೀರು ಅಲ್ಲಿ ನಿಂತು, ಮಣ್ಣು ಕೂತು, ತಿಳಿನೀರು ಹೊರಹೋಗಬೇಕು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡೋಣ.

ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಬೋಳು ದಿಬ್ಬ. ಗಂಟೆಗೆ 50 ಮಿ.ಮೀ. ಮಳೆ, ನಮ್ಮ ಕಡೆ ಇದೇನು ಅಪರೂಪವಲ್ಲ. ಅಷ್ಟೂ ನೀರು ಹರಿದು ಬಂದರೆ ಗಂಟೆಗೆ 5 ಲಕ್ಷ ಲೀಟರ್. ಕೊಳದಲ್ಲಿ ಕಣ ಕೂರಬೇಕಾದರೆ ಮುಖ್ಯ ಕೊಳದ ಆಳ ಅಲ್ಲ, ಅದರ ಹರವು. 0.02 ಮಿ.ಮೀ. ಕಣ ಹಿಡಿಯಲು ಸುಮಾರು 330 ಚದರ ಮೀಟರ್ ಸಾಕು, ಅಂದರೆ ಮೂರೂವರೆ ಗುಂಟೆ ಒಳಗೆ. ಇದು ಆಗುವ ಮಾತು. 0.002 ಮಿ.ಮೀ. ಜೇಡಿ ಹಿಡಿಯಬೇಕಾದರೆ ಅದರ ನೂರು ಪಟ್ಟು ಬೇಕು, ಅಂದರೆ ಎಂಟು ಎಕರೆ. ಎರಡೂವರೆ ಎಕರೆ ದಿಬ್ಬಕ್ಕೆ ಎಂಟು ಎಕರೆ ಕೊಳ! ಅದನ್ನು ತೋಡಿದರೆ ಆ ಮಣ್ಣನ್ನು ಎಲ್ಲಿ ಹಾಕುವುದು?

ಹಾಗಾಗಿ ಕೊಳ ಬೇಡ ಎಂದಲ್ಲ. ಮರಳು, ದಪ್ಪ ಹೂಳು ಅಲ್ಲಿ ನಿಲ್ಲುತ್ತದೆ. ಪ್ರತಿ ಮಳೆಗಾಲಕ್ಕೆ ಮೊದಲು ಹೂಳೆತ್ತಿದರೆ ಮಾತ್ರ. ಆದರೆ ಹೊಳೆಯನ್ನು ನಿಜವಾಗಿ ಹಾಳು ಮಾಡುವ ಕೆಂಪು ಜೇಡಿಯನ್ನು ಕೊಳದಿಂದ ಹಿಡಿಯಲಾಗದು. ಆಲಂ ಹಾಕಿ ಕೂರಿಸಬಹುದು, ನೀರು ಶುದ್ಧ ಮಾಡುವ ಘಟಕಗಳಲ್ಲಿ ಹಾಗೇ ಮಾಡುತ್ತಾರೆ. ಸುರಿಯುವ ಮಳೆಯಲ್ಲಿ ಬೆಟ್ಟದ ತುದಿಯಲ್ಲಿ ನಿಂತು ಅದನ್ನು ಅಳತೆ ಮಾಡಿ ಹಾಕುವವರು ಯಾರು? ಮಣ್ಣು ಎದ್ದ ಮೇಲೆ ಹಿಡಿಯುವುದು ಕಷ್ಟ, ಏಳದಂತೆ ಮುಚ್ಚುವುದು ಸುಲಭ. ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತೆಂಗಿನ ನಾರಿನ ಬಲೆ ಹಾಸುವುದು, ಲಾವಂಚ ನೆಡುವುದು, ಮೇ ಮುಗಿದ ಮೇಲೆ ಹೊಸ ಮಣ್ಣು ತೆರೆದಿಡದಿರುವುದು, ತೆಗೆದ ಮಣ್ಣನ್ನು ಹಳೇ ಗುಂಡಿಗೇ ತುಂಬುತ್ತ ಹೋಗುವುದು. ಇದರಲ್ಲಿ ಯಾವುದೂ ರಾಕೆಟ್ ವಿಜ್ಞಾನವಲ್ಲ.

ಗಣಿ ತೆರೆಯುವ ಮೊದಲು ಮೇಲಿನ ಒಂದಡಿ ಮಣ್ಣನ್ನು ಬೇರೆ ತೆಗೆದಿಟ್ಟು, ಕೊನೆಗೆ ಮೇಲೆ ಹಾಸುವುದು ಎಲ್ಲಕ್ಕಿಂತ ಮುಖ್ಯ. ಕಾಡಿನ ಬೀಜ, ಶಿಲೀಂಧ್ರ ಇರುವುದೆಲ್ಲ ಅದರಲ್ಲೇ. ವರ್ಷಗಟ್ಟಲೆ ರಾಶಿ ಹಾಕಿಟ್ಟರೆ ಅದೂ ಸಾಯುತ್ತದೆ. ಸಾಮಾನ್ಯವಾಗಿ ಆಗುವುದು ಏನೆಂದರೆ ಆ ಮಣ್ಣೂ ಉಳಿದದ್ದರ ಜೊತೆ ದಿಬ್ಬಕ್ಕೆ ಸೇರುತ್ತದೆ, ಕೊನೆಗೆ ಅದರ ಮೇಲೆ ಅಕೇಶಿಯಾ ನೆಡುತ್ತಾರೆ. ಅಕೇಶಿಯಾ ಬರಡು ನೆಲದಲ್ಲೂ ಬೇಗ ಬೆಳೆಯುತ್ತದೆ, ಫೋಟೋದಲ್ಲಿ ಹಸಿರಾಗಿ ಕಾಣುತ್ತದೆ. ಅದನ್ನು ಕಾಡು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾನಿ ಆದ ಮೇಲೆ ದುಡ್ಡು ಯಾರಿಗೆ ಸಿಗುತ್ತದೆ? ಗಣಿ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಕಬ್ಬಿಣ, ಮ್ಯಾಂಗನೀಸ್‌ನಂಥ ಖನಿಜ ತೆಗೆಯುವವರು ಸರ್ಕಾರಕ್ಕೆ ಕೊಡುವ ರಾಯಲ್ಟಿಯ ಮೇಲೆ ಇನ್ನೊಂದು ಪಾಲನ್ನು ಗಣಿಬಾಧಿತ ಊರುಗಳಿಗೆಂದು ಕಟ್ಟಬೇಕು. ಹಳೇ ಗುತ್ತಿಗೆಗೆ ರಾಯಲ್ಟಿಯ ಶೇ. 30, ಹರಾಜಿನಲ್ಲಿ ಪಡೆದ ಹೊಸದಕ್ಕೆ ಶೇ. 10. ಒಳ್ಳೆಯ ಏರ್ಪಾಡು. ಆದರೆ ಬಾಧಿತ ಊರು ಯಾವುದು ಎಂದು ಗುರುತಿಸುವುದು ಗಣಿಯ ಸುತ್ತ ವೃತ್ತ ಎಳೆದು. 2024ರ ಮಾರ್ಗಸೂಚಿಯಂತೆ 15 ಕಿ.ಮೀ. ಒಳಗಿದ್ದರೆ ನೇರ ಬಾಧಿತ, 25 ಕಿ.ಮೀ. ಒಳಗಿದ್ದರೆ ಪರೋಕ್ಷ ಬಾಧಿತ. ಧೂಳಿಗೆ, ಲಾರಿ ಸದ್ದಿಗೆ, ಬತ್ತಿದ ಬಾವಿಗೆ ಈ ಅಳತೆ ಸರಿಹೋಗುತ್ತದೆ. ರಾಡಿ ಮಾತ್ರ ಹೊಳೆ ಹಿಡಿದು ಹೋಗುತ್ತದೆ. ಜೋಯಿಡಾದಿಂದ ಕಾರವಾರದ ಅಳಿವೆಗೆ ನೇರ ಗೆರೆ ಎಳೆದರೂ 50 ಕಿ.ಮೀ. ದಾಟುತ್ತದೆ. ನಾಳೆ ಜೋಯಿಡಾದ ಬೆಟ್ಟದಲ್ಲಿ ಮತ್ತೆ ಗಣಿ ತೆರೆದರೆ, ಅದರ ಜೇಡಿ ಬಂದು ಕೂರುವ, ಕಾಳಿ ಅಳಿವೆಯ ದಡದ ಸದಾಶಿವಗಡದ ಬಳಚು ಆರಿಸುವವರು ಆ ಎರಡೂ ವೃತ್ತದ ಹೊರಗೇ ಇರುತ್ತಾರೆ.